ಇನ್ನೊಂದು ಯಂತ್ರದ ಅಂಗಿ

ನಾನು ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಒಂದು ಯಂತ್ರ. ಮೊಣಕಾಲೆತ್ತರದ ಮೈ, ಕೆಳಗೆ ಗಾಲಿಗಳು. ನನ್ನನ್ನು ಜೋಡಿಸಿದ್ದು ತಗಡಿನ ಶೆಡ್ಡಿನ ಒಂದು ಕಾರ್ಖಾನೆಯಲ್ಲಿ. ನನ್ನೊಳಗೆ ಎರಡು ಲೋಹದ ಡಬ್ಬಿಗಳಿವೆ. ಅವುಗಳ ತುಂಬ ಸಾಬೂದಾಣಿಗಿಂತ ಸಣ್ಣ ಬಿಳಿ ಹರಳು. ಕೋಣೆಯ ಗಾಳಿಯನ್ನು ಎಳೆದು ಆ ಹರಳಿನ ನಡುವೆ ಹಾಯಿಸುತ್ತೇನೆ. ಬೇಡದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೇಕಾದದ್ದು ನಳಿಗೆಯಲ್ಲಿ ರೋಗಿಯ ಮೂಗಿಗೆ ಹೋಗುತ್ತದೆ. ಆ ಹರಳೇ ನನ್ನ ಜೀವ. ಆದರೆ ಕಾರ್ಖಾನೆಯವರು ನನ್ನ ನಂಬರನ್ನು ಅಂಟಿಸಿದ್ದು ಡಬ್ಬಿಯ ಮೇಲಲ್ಲ, ಹೊರಗಿನ ಪ್ಲಾಸ್ಟಿಕ್ ಕವಚದ ಬೆನ್ನಿಗೆ. ಮಗುವಿನ ಹೆಸರನ್ನು ಅದರ ಅಂಗಿಯ ಮೇಲೆ ಬರೆದ ಹಾಗೆ.

ನಾನು ಮೊದಲು ಹೋದದ್ದು ಗದಗಿನ ಅನಂತರಾವ್ ಕಟ್ಟಿಯವರ ಮನೆಗೆ. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಎದೆಯ ಕಾಯಿಲೆ ಬಂದು ಹೋಗಿತ್ತು, ಸ್ವಲ್ಪ ಏದುಸಿರು ಉಳಿದಿತ್ತು. ಸ್ನಾನ ಮಾಡಿ ದಣಿದಾಗ ಮಾತ್ರ ನಾನು ಬೇಕಾಗುತ್ತಿದ್ದೆ. ಅವರ ಹೆಂಡತಿ ಸುಶೀಲಾಬಾಯಿ ಗುಂಡಿ ಒತ್ತಿ, “ಗಾಡಿ ಬಂದು ನಿಂತದ, ಹತ್ತರಿ ಇನ್ನ” ಎನ್ನುತ್ತಿದ್ದರು. “ಹಸಿರು ನಿಶಾನಿ ತೋರ್ಸು, ಅಂದ್ರ ಹತ್ತತೀನಿ” ಎಂದು ಕಟ್ಟಿಯವರು ಮೂಗಿಗೆ ನಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬಚ್ಚಲುಮನೆಯ ಬಾಗಿಲ ಬಳಿಯೇ ನನ್ನ ಜಾಗ. ಬಿಸಿನೀರಿನ ಹಬೆಯನ್ನು ನಾನು ದಿನವೂ ಉಸಿರಾಡಿದೆ. ತೇವ ಕುಡಿದ ಹರಳು ಮೆಲ್ಲಗೆ ಸತ್ತಿತು. ಕಟ್ಟಿಯವರು ನಾನಿಲ್ಲದೆಯೂ ಬದುಕಬಲ್ಲವರಾಗಿದ್ದರು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಸದ್ದು ಹೆಚ್ಚಾಯಿತೆಂದು ನನ್ನನ್ನು ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಕಳಿಸಿದರು. ಅಲ್ಲಿಗೆ ಬರುವ ಯಂತ್ರಗಳೆಲ್ಲ ಬೇರೆಬೇರೆ ಮನೆಯವು, ನೋಡಲು ಒಂದೇ ತೆರ. ಕೌಂಟರಿನ ರೇಷ್ಮಾ ನಮ್ಮ ಬೆನ್ನಿನ ನಂಬರಿಗೆ ಸ್ಕ್ಯಾನರಿನ ಬೆಳಕು ಹಿಡಿದರೆ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆಯುತ್ತಿತ್ತು: ಇದು ಯಾರದು, ಒಳಗೆ ಏನೇನು ಬದಲಾಗಿದೆ, ಯಾರು ಬದಲಿಸಿದರು. ಒಬ್ಬರ ಯಂತ್ರ ಇನ್ನೊಬ್ಬರಿಗೆ ಹೋಗದಿರಲೆಂದೇ ಮಾಡಿದ ಏರ್ಪಾಡು ಅದು.

ನನ್ನ ಪಕ್ಕದಲ್ಲಿ ಇಳಕಲ್ಲಿನ ಹುಲಗಪ್ಪನ ಯಂತ್ರ ನಿಂತಿತ್ತು. ಹುಲಗಪ್ಪ ಕಲ್ಲು ಕೊರೆಯುತ್ತಿದ್ದವನು. ಕಲ್ಲಿನ ಧೂಳು ಎದೆಯಲ್ಲಿ ಗಟ್ಟಿಯಾಗಿ, ಹಗಲೂ ರಾತ್ರಿ ಯಂತ್ರದ ಮೇಲೆಯೇ ಬದುಕಿದ್ದ. ಅದು ರಿಪೇರಿಯಾಗಿ ಬರುವವರೆಗೆ ಮನೆಗೆ ಬಾಡಿಗೆಯ ಸಿಲಿಂಡರ್ ತಂದಿದ್ದರು. ಮೆಕ್ಯಾನಿಕ್ ವಿರೂಪಾಕ್ಷ ಅವನ ಯಂತ್ರಕ್ಕೆ ಹೊಸ ಹರಳಿನ ಡಬ್ಬಿ ಹಾಕಿ, ಮೀಟರ್ ಹಿಡಿದು ನೋಡಿ, ಸರಿಯಾಗಿದೆಯೆಂದು ಬರೆದ. ನನ್ನ ಮೇಲಿನ ದೂರು ಬರೀ ಸದ್ದಿನದಾದ್ದರಿಂದ ಮೀಟರ್ ಹಿಡಿಯದೆ ಸಡಿಲ ಸ್ಕ್ರೂ ಮಾತ್ರ ಬಿಗಿದ. ನಮ್ಮಿಬ್ಬರ ಕವಚಗಳನ್ನು ಸೋಪಿನ ನೀರಲ್ಲಿ ತೊಳೆದು ಮಾಳಿಗೆಯ ಬಿಸಿಲಿಗೆ ಒಣಹಾಕಿದ. ಅಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಮಧ್ಯಾಹ್ನ ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಇಳಿದು ಬಂದವನು, ಕೈಗೆ ಸಿಕ್ಕ ಕವಚವನ್ನು ಎದುರಿಗಿದ್ದ ಯಂತ್ರಕ್ಕೆ ಹಾಕಿದ. ಹುಲಗಪ್ಪನ ಯಂತ್ರದ ಅಂಗಿ ನನ್ನ ಮೈಮೇಲೆ ಬಂತು. ಹೊಸ ಜೀವ ಪಡೆದದ್ದು ನನ್ನ ಅಂಗಿ ತೊಟ್ಟು ಗದಗಿಗೆ ಹೋಯಿತು. ರೇಷ್ಮಾ ಎರಡೂ ನಂಬರುಗಳಿಗೆ ಬೆಳಕು ಹಿಡಿದಳು. ಎರಡೂ ಪುಟ ಸರಿಯಾಗಿದ್ದವು.

ಇಳಕಲ್ಲಿನಲ್ಲಿ ಹುಲಗಪ್ಪನ ಹೆಂಡತಿ ದ್ಯಾಮವ್ವ ನನ್ನನ್ನು ಮಂಚದ ಪಕ್ಕಕ್ಕೆ ಉರುಳಿಸಿಕೊಂಡು ಬಂದು ಹೇಳಿದಳು, “ಹೊಸಾ ಜೀವ ತುಂಬ್ಯಾರಂತ ಇದಕ್ಕ.”

“ನನಗೂ ತುಂಬಿಸ್ಕೊಂಡು ಬರಬೇಕಿತ್ತಿಲ್ಲ, ಹೆಂಗೂ ಹೋಗಿದ್ದಿ” ಎಂದು ಹುಲಗಪ್ಪ ನಕ್ಕ. ನಗು ಕೆಮ್ಮಾಯಿತು.

ಅವನು ಎಳೆದುಕೊಂಡದ್ದು ಬರೀ ಕೋಣೆಯ ಗಾಳಿಗಿಂತ ತುಸುವೇ ಮೇಲು. ತುಟಿ ನೀಲಿಗಟ್ಟತೊಡಗಿತು. ಬೆರಳಿಗೆ ಸಿಕ್ಕಿಸುವ ಮಾಪಕದ ಅಂಕಿ ಇಳಿಯುತ್ತ ಬಂತು. ದ್ಯಾಮವ್ವ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ನನ್ನ ಬೆನ್ನಿನ ನಂಬರನ್ನು ಬೆರಳಿಟ್ಟು ಓದಿ ಹೇಳಿದಳು. ರೇಷ್ಮಾ ಪುಟ ತೆರೆದಳು.

“ಇದಕ್ಕ ಹೊಸಾ ಹರಳು ಹಾಕ್ಯಾರ್ರೀ ಅವ್ವಾರ. ಇಲ್ಲೇ ಸ್ಕ್ರೀನಿನ್ಯಾಗ ಐತಿ. ಮಷಿನ್ ಬರೋಬ್ಬರಿ ಐತ್ರಿ, ಡಾಕ್ಟರಿಗೆ ತೋರಸ್ರಿ.”

ಡಾಕ್ಟರು ಮೊದಲು ಕೇಳಿದ್ದು ಅದನ್ನೇ. “ಮಷಿನ್ ಸರಿ ಐತೇನವ್ವಾ?”

“ಹೊಸಾದು ಹಾಕ್ಯಾರ್ರೀ” ಎಂದಳು ದ್ಯಾಮವ್ವ.

ಹಾಗಾದರೆ ಕಾಯಿಲೆಯೇ ಬೆಳೆದಿದೆ ಎಂದು ಅವರು ತಿಳಿದರು. ಗುಂಡಿ ತಿರುವಿ ಗಾಳಿ ಹೆಚ್ಚು ಮಾಡಲು ಹೇಳಿದರು. ಹರಳು ಸತ್ತ ಯಂತ್ರದಲ್ಲಿ ಗಾಳಿ ಜೋರಾದಷ್ಟೂ ಸೋಸುವುದು ಕಡಿಮೆಯಾಗುತ್ತದೆ. ದ್ಯಾಮವ್ವ ಗುಂಡಿ ತಿರುವಿದಳು. ಅವನು ಇನ್ನೂ ಬಾಡಿದ. ಅವಳು ಇನ್ನೂ ತಿರುವಿದಳು. ನಾನು ಮೈಯೆಲ್ಲ ನಡುಗಿಸಿ ದುಡಿದೆ, ದುಡಿದಷ್ಟೂ ಬರಿಗಾಳಿ.

“ಸಾಕ್ ಬಿಡ” ಎಂದ ಹುಲಗಪ್ಪ, ನನ್ನ ಕಡೆ ನೋಡುತ್ತ. “ಪಾಪ, ಅದಕ್ಕೂ ದಮ್ಮು ಹತ್ತೇತಿ.”

ಆ ಮನೆಯಲ್ಲಿ ನನ್ನೊಳಗನ್ನು ತಿಳಿದವನು ಅವನೊಬ್ಬನೇ. ತಮಾಷೆ ಎಂದುಕೊಂಡು ದ್ಯಾಮವ್ವ ಸೆರಗಿನಿಂದ ಅವನ ಹಣೆ ಒರೆಸಿದಳು. ಮರುದಿನ ಮಧ್ಯಾಹ್ನ ಅವಳು ಗಂಜಿ ಆರಿಸುತ್ತಿದ್ದಾಗ ಅವನ ಎದೆ ನಿಂತಿತು. ಮನೆ ತುಂಬ ಜನ ಸೇರಿದರು, ಅಳು ಎದ್ದಿತು. ನನ್ನನ್ನು ನಿಲ್ಲಿಸಲು ಯಾರಿಗೂ ಹೊಳೆಯಲಿಲ್ಲ. ಯಾರೂ ಎಳೆದುಕೊಳ್ಳದ ಗಾಳಿಯನ್ನು ನಾನು ಅವನ ಮೂಗಿಗೆ ಊದುತ್ತಲೇ ಇದ್ದೆ.

ಕೆಲವು ವಾರಗಳ ನಂತರ ದ್ಯಾಮವ್ವ ನನ್ನನ್ನು ಬಸ್ಸಿನಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಬಂದಳು. “ಹೊಸಾದು ಹಾಕಿ ಬಾಳ ದಿನ ಆಗಿಲ್ಲ. ಯಾರರ ಬಡವರಿಗೆ ಕೊಡ್ರಿ” ಎಂದಳು. ವಿರೂಪಾಕ್ಷ ನನ್ನನ್ನು ಚಾಲೂ ಮಾಡಿ ನಳಿಗೆಗೆ ಮೀಟರ್ ಹಿಡಿದ. ಹುಬ್ಬು ಗಂಟಿಕ್ಕಿತು. ಕವಚ ಬಿಚ್ಚಿದ, ಡಬ್ಬಿಯ ಮುಚ್ಚಳ ತೆಗೆದ. ಅಂಗೈಗೆ ಸುರಿದುಕೊಂಡ ಹರಳು ಹಳದಿಯಾಗಿ ಹಿಟ್ಟಿನಂತೆ ಉದುರಿತು. ಅವನು ಮಾಳಿಗೆಯ ಮೆಟ್ಟಿಲ ಕಡೆ ನೋಡಿದ. ಮೇಲೆ ಬಿಸಿಲಲ್ಲಿ ಕವಚಗಳು ಒಣಗುತ್ತಿದ್ದವು. ಇನ್ನೊಂದು ಕೈಯಿಂದ ನನ್ನ ಕವಚವನ್ನು ತಿರುವಿ ಅದರ ಬೆನ್ನಿನ ನಂಬರನ್ನು ನೋಡಿದ.

“ಖರೇ ಹೇಳೋ ತಮ್ಮಾ” ಎಂದಳು ಬೆಂಚಿನ ಮೇಲೆ ಕೂತಿದ್ದ ದ್ಯಾಮವ್ವ. “ನಾನs ಗುಂಡಿ ತಿರುವಿ ತಿರುವಿ ಕೆಡಿಸಿದ್ನೇನು? ಅದೊಂದು ಕೇಳಾಕಂತ ಬಂದೇನಿ.”

ವಿರೂಪಾಕ್ಷ ಅಂಗೈ ಮುಚ್ಚಿದ. “ಇಲ್ಲವ್ವಾ. ನೀ ಏನೂ ಕೆಡಿಸಿಲ್ಲ.”

“ಮತ್ತ ಮಷಿನ್?”

ಅವನು ಅಂಗೈಯಲ್ಲಿದ್ದುದನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದ. “ಮಷಿನ್ ಚಲೋ ಐತಿ.”

“ಹಂಗಾರ ಅವರ ಆಯುಷ್ಯಾನs ಅಷ್ಟು” ಎಂದು ಅವಳು ಎದ್ದಳು. ಅವಳ ಮುಖದಲ್ಲಿ ಭಾರ ಇಳಿದ ಗುರುತಿತ್ತು. ಅದನ್ನು ನೋಡಲಾರದೆ ವಿರೂಪಾಕ್ಷ ಬೆನ್ನು ತಿರುಗಿಸಿದ.

ಈಗ ನಾನು ಸರ್ವಿಸ್ ಸೆಂಟರಿನ ಮೆಟ್ಟಿಲ ಕೆಳಗಿದ್ದೇನೆ. ಕಂಪ್ಯೂಟರಿನಲ್ಲಿ ಮಾತ್ರ ನಾನಿನ್ನೂ ಗದಗಿನಲ್ಲಿದ್ದೇನೆ. ವಿರೂಪಾಕ್ಷ ಈಚೆಗೆ ಯಂತ್ರದ ಕವಚ ಬಿಚ್ಚುವ ಮುಂಚೆ ಅದರ ನಂಬರನ್ನು ಒಳಗಿನ ಲೋಹದ ಮೇಲೆ ಮೊಳೆಯಿಂದ ಕೆತ್ತುತ್ತಾನೆ. ಯಾಕೆಂದು ರೇಷ್ಮಾ ಕೇಳಿದರೆ, ಸುಮ್ಮನೆ ಎನ್ನುತ್ತಾನೆ. ನನಗೆ ಬಾಯಿಲ್ಲದ್ದಕ್ಕೆ ಇಳಕಲ್ಲಿನಲ್ಲಿ ಬಹಳ ಮರುಗಿದ್ದೆ. ಬಾಯಿ ಇದ್ದವನೂ ಹೇಳಲಾರದೆ ದಿನವೂ ನನ್ನ ಮುಂದೆ ಓಡಾಡುವುದನ್ನು ನೋಡಿದ ಮೇಲೆ, ಆ ಮರುಕ ಈಗ ಯಾರ ಮೇಲಿನದೆಂದು ನನಗೇ ತಿಳಿಯುತ್ತಿಲ್ಲ.