ನೀಲಿ ಮುಚ್ಚಳದ ಬಾಟಲಿ

ಭಾವ ಮಾತ್ರೆಯ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಒಂದೊಂದೇ ಬಿಳಿ ಮಾತ್ರೆ ಸ್ಟೀಲಿನ ತಟ್ಟೆಗೆ ಬೀಳುತ್ತಿತ್ತು. ಅಕ್ಕ ಗೋಡೆಗೆ ಒರಗಿ, ಹೊಟ್ಟೆಗೆ ದಿಂಬು ಒತ್ತಿಕೊಂಡು ಅದನ್ನೇ ನೋಡುತ್ತಿದ್ದಳು. ಅಮ್ಮ ಮಾತ್ರ ಬೇರೆ ಕಡೆ ನೋಡುತ್ತಿದ್ದಳು. ಮಾತ್ರೆ ಅಮ್ಮನದು, ಸಕ್ಕರೆ ಕಾಯಿಲೆಯದು. ಅಮ್ಮ ದಿನಕ್ಕೆ ಎರಡು ನುಂಗಿದರೆ ಅಕ್ಕನಿಗೆ ಆರು.

ಬಾಗಿಲಲ್ಲಿ ಚಪ್ಪಲಿ ಕಳಚದೆ ನಿಂತಿದ್ದ ತಂಗಿಗೆ ಆ ಟಪ್ ಟಪ್ ಸದ್ದು ನೆತ್ತಿಗೇ ಬಡಿದ ಹಾಗಾಯಿತು. ಆ ಮಾತ್ರೆಗಳನ್ನು ತಟ್ಟೆಗೆ ತಂದವಳು ಅವಳೇ. ಕೈಯಿಂದಲ್ಲ, ಬಾಯಿಂದ.

ಬಾಯಿ ಇದ್ದೂ ಮನೆಯಲ್ಲಿ ಅವಳ ಹೆಸರು ಮೂಗಿ. ಶಾಲೆಯನ್ನು ನಡುವೆಯೇ ಬಿಟ್ಟವಳಿಗೆ ಸಿಕ್ಕಿದ್ದು ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಕೆಲಸ. ಗಾಜಿನ ಚಪ್ಪಟೆ ಬಾಟಲಿಗಳು, ಒಳಗೆ ಗುಲಾಬಿ ಬಣ್ಣದ ನೀರು, ತಳದಲ್ಲಿ ಕಣ್ಣಿಗೆ ಕಾಣದ ಕ್ಯಾನ್ಸರ್ ಜೀವಕೋಶಗಳು. ಗರ್ಭಕೋಶದ ಬಾಯಿಗೆ ವೈರಸ್ ಹೊಕ್ಕು ಕೆಡಿಸಿದ ಕೋಶಗಳು ಇವು ಅಂತ ಅಲ್ಲಿಯ ಮೇಡಂ ಹೇಳಿದ್ದಳು. ಅವು ನೀರಿನಲ್ಲಿರುವ ಸಕ್ಕರೆ ತಿಂದು ಕೊಬ್ಬಿದರೆ ನೀರು ಹಳದಿಯಾಗುತ್ತದೆ. ಕೆಲಸ ಮುಗಿದ ಬಾಟಲಿಗೆ ಬ್ಲೀಚ್ ಸುರಿದು, ಒಳಗಿದ್ದದ್ದನ್ನು ಸಾಯಿಸಿ, ತೊಳೆದು ಬೋರಲು ಹಾಕುವುದು ಮೂಗಿಯ ಪಾಲು.

ಅಕ್ಕನಿಗೂ ಅದೇ ಕಾಯಿಲೆ. ಆಸ್ಪತ್ರೆಯಲ್ಲಿ ಐದು ವಾರ ಕಿರಣ ಚಿಕಿತ್ಸೆ ಕೊಡಬೇಕು ಅಂದಿದ್ದರು. ಎರಡು ವಾರಕ್ಕೇ ಅಕ್ಕ ಒಳಗೆಲ್ಲ ಸುಟ್ಟವಳ ಹಾಗೆ ಒದ್ದಾಡಿದಳು. ಭಾವನದು ಬೇರೆಯೇ ಉರಿ. ಈ ವೈರಸ್ಸು ಗಂಡಹೆಂಡಿರ ನಡುವೆ ದಾಟುವಂಥದ್ದು ಅಂತ ನರ್ಸ್ ಒಬ್ಬಳು ಬೆಂಚಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟಿದ್ದಳು. ಬೆಂಚಿಗೆ ಬೆಂಚೇ ಅವನತ್ತ ತಿರುಗಿತ್ತು. ಅವತ್ತಿನಿಂದ ಆಸ್ಪತ್ರೆ ಅಂದರೆ ಸಾಕು, ಅವನ ಮುಖ ಗಂಟಾಗುತ್ತಿತ್ತು.

ಆ ದಿನಗಳಲ್ಲೇ ಒಂದು ಸಂಜೆ ಮೇಡಂ ಖುಷಿಯಲ್ಲಿ ಮೂಗಿಯನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ಒಂದು ಬಾಟಲಿ ತೋರಿಸಿದಳು. ಸಕ್ಕರೆ ಕಾಯಿಲೆಯ ಮದ್ದು ಹಾಕಿದ್ದು, ನೀಲಿ ಮುಚ್ಚಳದ್ದು. ಕೋಶಗಳು ಅರ್ಧಕ್ಕರ್ಧ ಮಾಯವಾಗಿದ್ದವು, ಉಳಿದವು ಮುದುರಿಕೊಂಡಿದ್ದವು. ಮೂಗಿ ಅದನ್ನು ಬುತ್ತಿ ಕಟ್ಟಿಕೊಂಡ ಹಾಗೆ ಮನೆಗೆ ತಂದು, ಜನ್ಮಕ್ಕೊಮ್ಮೆ ಊಟದ ಹೊತ್ತಲ್ಲಿ ತಾನಾಗಿ ಬಾಯಿ ತೆರೆದಳು. ಅಕ್ಕನಿಗೊಂದಿಷ್ಟು ಧೈರ್ಯ ಬರಲಿ ಅಂತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು ಭಾವ. ಮಾರನೇ ದಿನದಿಂದ ಆಸ್ಪತ್ರೆ ನಿಂತಿತು, ಮಾತ್ರೆ ಶುರುವಾಯಿತು. ಈಗ ಮೂರು ವಾರ. ಅಕ್ಕನಿಗೆ ಭೇದಿ ನಿಲ್ಲುತ್ತಿಲ್ಲ. ನಿಂತಿದ್ದ ರಕ್ತ ಮತ್ತೆ ಕಾಣಿಸಿಕೊಂಡಿದೆ.

ಇವತ್ತು ತೊಳೆಯುವ ರಾಶಿಯಲ್ಲಿ ಕೆಂಪು ಮುಚ್ಚಳದ ಬಾಟಲಿಗಳೂ ಇದ್ದವು. ಮೇಲೆ ಅದೇ ಮದ್ದಿನ ಗುರುತು. ಆದರೆ ನೀರು ಅರಿಸಿನದಂತೆ ಹಳದಿ. ಮೂಗಿ ಬ್ಲೀಚ್ ಪಕ್ಕಕ್ಕಿಟ್ಟು, ಯಾರೂ ಇಲ್ಲದ್ದು ನೋಡಿ, ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕೋಶಗಳು ಒಂದರ ಮೈಮೇಲೊಂದು ಏರಿ ಕೂತಿದ್ದವು.

ಹಿಂದೆ ಮೇಡಂ ನಿಂತಿದ್ದಳು. ಮೂಗಿ ಬೈಗುಳಕ್ಕೂ ಮೊದಲೇ ಕೇಳಿದಳು, ಇವು ಯಾಕೆ ಸಾಯಲಿಲ್ಲ ಅಂತ.

"ನೀಲಿ ಮುಚ್ಚಳದ್ದಕ್ಕೆ ಸಕ್ಕರೆ ಕಮ್ಮಿ ಹಾಕಿದ್ವಿ, ಹಸಿದಿದ್ವು. ಕೆಂಪಿನವಕ್ಕೆ ಹೊಟ್ಟೆ ತುಂಬ ಇದೆ, ಮದ್ದನ್ನ ಲೆಕ್ಕಕ್ಕೇ ಇಡಲ್ಲ. ಅದೂ ಬಾಟಲಿಗೆ ಹಾಕೋಷ್ಟು ಮದ್ದು ಮನುಷ್ಯರ ರಕ್ತಕ್ಕೆ ಸೇರಿದ್ರೆ, ಮೊದಲು ಹೋಗೋದು ಮನುಷ್ಯರೇ."

ಮೂಗಿ ಮನೆಯ ವಿಷಯ ಹೇಳಿದಳು. ಮೇಡಂ ಮುಖ ಬಿಳಿಚಿತು, ಆಮೇಲೆ ಬಿಗಿಯಿತು. ಬಾಟಲಿ ತೊಳೆಯುವವಳು ಬಾಟಲಿ ತೊಳೆಯಬೇಕು, ಡಾಕ್ಟರಾಗು ಅಂತ ಯಾರು ಹೇಳಿದ್ದರು ಅಂದಳು. ನಾನು ತೋರಿಸಿದ್ದು ಅಂತ ಎಲ್ಲೂ ಉಸಿರೆತ್ತಬೇಡ ಅಂದಳು. ಅಕ್ಕ ಹೇಗಿದ್ದಾಳೆ ಅಂತ ಕೇಳಲಿಲ್ಲ.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಮೂಗಿ ಈಗ ಬಾಗಿಲಲ್ಲೇ ನಿಂತು ಒಪ್ಪಿಸಿದಳು. ನೀಲಿ, ಕೆಂಪು, ಸಕ್ಕರೆ, ಎಲ್ಲ. ಭಾವ ತಲೆ ಎತ್ತದೆ ಕೇಳಿಸಿಕೊಂಡ.

"ಅವತ್ತು ಹೇಳಿದ್ದು ಯಾರು?"

"ನಾನೇ."

"ಇವತ್ತು ಹೇಳ್ತಿರೋದು?"

ಅವಳು ಚಪ್ಪಲಿಯಲ್ಲೇ ಒಳಗೆ ಬಂದಳು.

"ಅಲ್ಲಮ್ಮ, ಇದರಲ್ಲಿ ಯಾವ ಮೂಗಿ ಮಾತು ನಂಬಲಿ ನಾನು?" ಅಂದು ಭಾವ ನಕ್ಕ. ಅವನ ಕಣ್ಣು ನಗಲಿಲ್ಲ. "ಮತ್ತೆ ಆ ಬೆಂಚಲ್ಲಿ ಕೂತು ಉಗಿಸ್ಕೋ ಅಂತೀಯ. ಅಷ್ಟೇ ತಾನೇ?"

ಅಮ್ಮ, ಮೊದಲು ಕೈಕಾಲು ತೊಳಿ ಹೋಗು ಅಂದಳು. ಮೂಗಿ ಹೋಗಲಿಲ್ಲ. ಬಗ್ಗಿ ತಟ್ಟೆಯನ್ನು ಎಳೆದುಕೊಂಡಳು. ಭಾವ ಅವಳ ಮಣಿಕಟ್ಟನ್ನು ಹಿಡಿದು ತಿರುಚಿದ. ಅಕ್ಕ ಬಿಡಿಸುತ್ತಾಳೆ ಅಂತ ಮೂಗಿ ಅಂದುಕೊಂಡಳು. ಅಕ್ಕ ದಿಂಬು ಬದಿಗಿಟ್ಟು, ತಟ್ಟೆಯಿಂದ ಎರಡು ಮಾತ್ರೆ ಎತ್ತಿಕೊಂಡಳು.

"ಸುಟ್ಟಿದ್ದು ನನ್ನ ಹೊಟ್ಟೆ. ನಿಂಗೇನು, ನೋಡೋದು, ಬ್ಲೀಚ್ ಸುರಿಯೋದು, ತೊಳೆಯೋದು. ನಾನೇನು ನಿನ್ನ ಬಾಟಲಿನಾ?"

ನೀರೂ ಇಲ್ಲದೆ ನುಂಗಿದಳು. ಗಂಟಲು ಏರಿ ಇಳಿಯಿತು. ಭಾವ ಮಣಿಕಟ್ಟು ಬಿಟ್ಟು, ಹೊಸ ಪಟ್ಟಿ ತೆಗೆದ. ಮತ್ತೆ ಟಪ್, ಟಪ್.

ಮೂಗಿ ಅಲ್ಲೇ ಅಕ್ಕನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು. ನಾಳೆ ಕೆಲಸಕ್ಕೆ ಹೋಗಲ್ಲ ಅಂದಳು. ಬೆಂಚಲ್ಲಿ ನಾನು ಕೂರ್ತೀನಿ, ಭಾವ ಬರೋದೇ ಬೇಡ ಅಂದಳು. ಮಾತ್ರೆಯ ಸದ್ದು ನಿಲ್ಲಲಿಲ್ಲ. ಅಮ್ಮ ಸೋರುತ್ತಿದ್ದ ನಲ್ಲಿಯನ್ನು ಬಿಗಿ ಮಾಡಲು ಎದ್ದು ಹೋದಳು.

"ಅಕ್ಕಾ, ಬೆಳಿಗ್ಗೆ ಎಂಟಕ್ಕೆ ನನ್ ಜೊತೆ ಆಸ್ಪತ್ರೆಗೆ ಬಾ."