ಟವೆಲ್ಲಿನ ಕೆಳಗಿನ ಕೈ

ನೀಲಕಂಠಪ್ಪನವರು ದಿವಾಳಿ ತೆಗೆದ ಮೇಲೆ ಹುಬ್ಬಳ್ಳಿಯ ಹತ್ತಿ ಪೇಟೆ ಅವರಿಗೆ ಕಾಶಿಯಷ್ಟು ದೂರವಾಯಿತು. ಕೋರ್ಟು ಅಂಗಡಿ, ಗೋದಾಮು ಮಾರಿಸಿ, ಬಂದದ್ದನ್ನು ಸಾಲ ಕೊಟ್ಟವರಿಗೆ ಹಂಚಿ ಅವರನ್ನು ಬಿಡುಗಡೆ ಮಾಡಿತ್ತು. ಪೇಟೆ ಮಾತ್ರ ಮಾಡಿರಲಿಲ್ಲ. ಮತ್ತೆ ವ್ಯಾಪಾರಕ್ಕೆ ಕೂಡುವ ಹಟವೇನೋ ಇತ್ತು, ಆದರೆ ಅವರ ಮುಂದೆ ಯಾರೂ ಟವೆಲ್ಲು ಹಿಡಿಯುತ್ತಿರಲಿಲ್ಲ.

ಆ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಕೊಡುವವರು, ಕೊಳ್ಳುವವರು ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಒತ್ತಿ ಹೇಳಿಕೊಳ್ಳುತ್ತಾರೆ. ಎಲ್ಲರೂ ಬಲಗೈ ಕೊಟ್ಟರೆ ಬಡೇಸಾಬರೊಬ್ಬರು ಎಡಗೈ ಕೊಡುತ್ತಿದ್ದರು. ಅವರ ಬಲಗೈ ಬೆರಳುಗಳನ್ನು ಹರೆಯದಲ್ಲೇ ಹತ್ತಿ ಬಿಡಿಸುವ ಯಂತ್ರ ನುಂಗಿತ್ತು. ಆ ಕೈ ಸದಾ ಕೋಟಿನ ಕಿಸೆಯಲ್ಲೇ ಇರುತ್ತಿದ್ದುದರಿಂದ ಪೇಟೆಯ ಹೊರಗಿನವರಿಗೆ ಇದು ಗೊತ್ತಿರಲಿಲ್ಲ. ನೀಲಕಂಠಪ್ಪನವರ ದಿವಾಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರೂ ಇದೇ ಬಡೇಸಾಬರು.

ಹೀಗಿರಲು ನೀಲಕಂಠಪ್ಪನವರಿದ್ದ ಕೇಶ್ವಾಪುರದ ಬಾಡಿಗೆ ಮನೆಗೆ ಧಾರವಾಡದ ಫಕೀರಪ್ಪ ಎಂಬಾತ ಕರಿ ಕೋಟು ತೊಟ್ಟು ಬಂದ. ಬೆಲ್ಲದಂಥ ಮಾತು.

"ಕೋರ್ಟಿನ ದಫ್ತರದಾಗ ನಿಮ್ಮ ದಿವಾಳಿ ಸುದ್ದೀನ ಇರಲಾರದಂಗ ಮಾಡಸ್ತೇನ್ರಿ. ಪ್ಯಾಟ್ಯಾಗ ನಿಮ್ಮ ಪತ್ತು ಮೊದಲಿನಂಗ ಕುಂದ್ರಸ್ತೇನಿ. ಖರ್ಚಿಗೆ ಮಾತ್ರ ಮುಂಗಡ ಕೊಡಬೇಕ್ರಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ರತ್ನವ್ವ ಕೇಳಿದರು. "ಆಗಿದ್ದನ್ನ ಆಗಿಲ್ಲ ಅನ್ಸೂದು ಹೆಂಗ್ರಿ?"

"ಅದಕ್ಕ ನಾವು ಇರೂದ್ರಿ, ಅವ್ವಾರ. ಆದ್ರ ಸಾವಕಾರ್ರು ಪ್ಯಾಟಿ ಕಡೆ ಹೋಗಬಾರದು. ಮಾರಿ ತೋರಿಸಿದ್ರ ಕೆಲಸ ಕೆಡತೈತಿ."

ಈ ಕೊನೆಯ ಮಾತೇ ನೀಲಕಂಠಪ್ಪನವರಿಗೆ ಹಿತವಾಯಿತು. ನಾಚಿಕೆಯಿಂದ ಅಡಗಿ ಕೂತವನಿಗೆ ಅಡಗಿಯೇ ಇರು ಅಂದರೆ ಇನ್ನೇನು ಬೇಕು? ರತ್ನವ್ವನ ಕೈಯ ಪಾಟಲಿ ಬಳೆ ಕೇಳಿದರು. ಮನೆಯಲ್ಲಿ ಉಳಿದ ಬಂಗಾರ ಅಷ್ಟೇ. ರತ್ನವ್ವ ತೆಗೆದಿಟ್ಟರು, ಆದರೆ ಅವುಗಳ ಮೇಲಿಟ್ಟ ಅಂಗೈ ತೆಗೆಯಲಿಲ್ಲ.

"ಇವರು ಇಲ್ಲೀತನಕ ಏನ ಮಾಡ್ಯಾರ, ಅದನ್ನ ಮೊದಲ ಕೇಳ್ರಿ."

ಫಕೀರಪ್ಪನಿಗೆ ಉಮೇದಿ ಬಂತು. "ಬಡೇಸಾಬರನ್ನ ಆಗಲೇ ಒಪ್ಪಿಸೇನ್ರಿ. ನಿನ್ನೆ ಟವೆಲ್ ಕೆಳಗ ಕೈ ಕೊಟ್ರು. ಬಲಗೈ ಐದೂ ಬೆರಳು ಸೇರಿಸಿ ಹೆಂಗ ಒತ್ತಿದ್ರಂದ್ರ, ಇನ್ನೂ ನೋಯಾಕತ್ತೈತಿ ನೋಡ್ರಿ."

ನೀಲಕಂಠಪ್ಪನವರಿಗೆ ಬಡೇಸಾಬರ ಕೋಟಿನ ಕಿಸೆ ಕಣ್ಣಿಗೆ ಕಟ್ಟಿತು. ದಿವಾಳಿಯಾದಾಗ ಆಗದಷ್ಟು ಅವಮಾನ ಈಗ ಆಯಿತು. ಆಗ ದುಡ್ಡು ಹೋಗಿತ್ತು, ಇಂದು ಬುದ್ಧಿಯನ್ನೂ ಕೈಯಾರೆ ಕೊಡಲು ಹೊರಟಿದ್ದರು. ಪಾಟಲಿಗಳನ್ನು ಹೆಂಡತಿಯ ಕಡೆಗೆ ಸರಿಸಿ ಎದ್ದರು.

"ನಡೀರಿ ಫಕೀರಪ್ಪನವರ, ಕೂಡೇ ಹೋಗೂಣು. ಇದ ಮಾತನ್ನ ಬಡೇಸಾಬರ ಮುಂದ ಹೇಳೀರಂತ."

ಫಕೀರಪ್ಪನಿಗೆ ಥಟ್ಟನೆ ಧಾರವಾಡದ ರೈಲು ನೆನಪಾಯಿತು. ಚಹಾ ಕೂಡ ಕುಡಿಯದೆ ಹೋದ.

ನೀಲಕಂಠಪ್ಪನವರು ಮಾತ್ರ ರುಮಾಲು ಸುತ್ತಿಕೊಂಡರು. ರತ್ನವ್ವ ಹೊಸ್ತಿಲಲ್ಲಿ ಪಾಟಲಿಗಳನ್ನು ತಾವೇ ಅವರ ಕೈಯಲ್ಲಿಟ್ಟರು.

"ಈಗ ಒಯ್ರಿ."

ಸರಾಫರ ಅಂಗಡಿಯಲ್ಲಿ ಪಾಟಲಿ ಅಡವಿಟ್ಟು, ರೊಕ್ಕ ತೆಗೆದುಕೊಂಡು ಅವರು ಪೇಟೆಗೆ ಬಂದಾಗ ಅಲ್ಲಿದ್ದವರ ಮಾತು ನಿಂತಿತು. ಹಿಂದಿರುಗಲು ಮನಸ್ಸಾಯಿತು, ಆದರೂ ಹೋಗಿ ಬಡೇಸಾಬರ ಗಾದಿಯ ಮುಂದೆ ನಿಂತರು.

"ಸಾಹೇಬರ, ನಿಮ್ಮ ರೊಕ್ಕಾ ಮುಳುಗಿಸಿದಾಂವ ನಾನು. ಅದನ್ನ ಮುಚ್ಚಿಡಾಕ ಬಂದಿಲ್ಲ. ಕೋರ್ಟು ನನ್ನ ಬಿಟ್ಟೈತಿ, ಋಣ ನಾ ಬಿಟ್ಟಿಲ್ಲ. ಒಂದು ಅಂಡಿಗಿ ಹತ್ತಿ ಬೇಕಾಗೇತಿ."

"ಉದ್ರಿ ಸಿಗೂದಿಲ್ಲ."

"ಕೇಳೂದಿಲ್ರಿ. ರೊಕ್ಕಾ ತಂದೇನಿ."

"ಮತ್ತ ಉದ್ರಿ ಯಾವಾಗ ಕೇಳ್ತೀರಿ?"

"ನೀವು ಕೊಡಬೇಕು ಅನ್ನಿಸಿದಾಗ."

ಬಡೇಸಾಬರು ಹೆಗಲ ಟವೆಲ್ಲು ತೆಗೆದು, ಇಡೀ ಪೇಟೆ ನೋಡುತ್ತಿದ್ದಂತೆ ತಮ್ಮ ಎಡಗೈ ಮೇಲೆ ಹಾಕಿ ಮುಂದೆ ಚಾಚಿದರು. ನೀಲಕಂಠಪ್ಪನವರ ಕಣ್ಣು ತುಂಬಿತು. ಕೈ ಒಳಗೆ ಹಾಕಿದರು. ಬೆರಳುಗಳು ದರ ಹೇಳಿದವು.

ದರ ಜಾಸ್ತಿ ಇತ್ತು. ನೀಲಕಂಠಪ್ಪನವರು ಕಣ್ಣೊರೆಸಿಕೊಂಡು, ಒಂದು ಬೆರಳು ಬಿಟ್ಟು ಉಳಿದವನ್ನು ಒತ್ತಿ ಚೌಕಾಸಿಗೆ ಇಳಿದರು.