ಶುಕ್ರವಾರದ ಉಗುರು

ಬಚ್ಚಲಲ್ಲಿ ತೂಗುಹಾಕಿದ್ದ ಮೋಟಾರ್ ಸೈಕಲ್ಲಿನ ಮಡ್ಗಾರ್ಡನ್ನು ಹಸನ್ ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿದ. ತೀರಿಹೋದ ತಮ್ಮನ ಮಯ್ಯತ್ತಿಗೆ ಸ್ನಾನ ಮಾಡಿಸಲು ಅಲ್ಲಿ ಜಾಗವಾಗಬೇಕಿತ್ತು. ನಿನ್ನೆ ಬಳಿದ ಕರಿ ಪೇಂಟು ಘಟ್ಟದ ಊರು ಬಣಕಲ್ಲಿನ ಥಂಡಿಗೆ ಒಣಗಿರಲೇ ಇಲ್ಲ, ಬೆರಳಿಗೆಲ್ಲ ಮೆತ್ತಿತು. ಸತ್ತ ಮೇಲೂ ಇವನ ಮಸಿ ನನಗೇ ಎಂದು ಗೊಣಗಿ, ಗೊಣಗಿದ್ದಕ್ಕೆ ತಾನೇ ನಾಚಿಕೊಂಡ.

ಯುದ್ಧ ಶುರುವಾಗಿ ವಿಲಾಯತಿಯಿಂದ ಹೊಸ ಸಾಮಾನು ಬರುವುದು ನಿಂತ ಮೇಲೆ ಸುತ್ತಲಿನ ಎಸ್ಟೇಟುಗಳ ಮೋಟಾರ್ ಸೈಕಲ್ಲುಗಳಿಗೆ ತಮ್ಮ ಜಿಯಾಉದ್ದೀನನೇ ಗತಿ. ಟ್ಯಾಂಕು, ಮಡ್ಗಾರ್ಡು ಬಿಚ್ಚಿ ಮನೆಗೆ ತಂದು, ತುಕ್ಕು ಕೆರೆದು, ಬಣ್ಣ ಬಳಿದು, ಬಚ್ಚಲೊಲೆಯ ಕೆಂಡದ ಮೇಲೆ ಒಣಗಿಸುತ್ತಿದ್ದ. ಹೊಸದೋ ಹಳೆಯದೋ ಎಸ್ಟೇಟಿನ ಬಿಳಿ ದೊರೆಗಳಿಗೇ ಗೊತ್ತಾಗುತ್ತಿರಲಿಲ್ಲ, ಅಂಥ ಕೈ. ಇಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಮಯ್ಯತ್ತಿನ ಉಗುರಲ್ಲಿ ಪೇಂಟಿದ್ದರೆ ನೀರು ತಾಗುವುದಿಲ್ಲ, ಸ್ನಾನ ಪೂರ್ತಿಯಾಗುವುದಿಲ್ಲ. ಹಸನ್ ಪರದೆಯ ಆಚೆಗಿದ್ದ ತಮ್ಮನ ಹೆಂಡತಿ ಕುಲ್ಸುಮಳಲ್ಲಿ ಪೇಂಟು ಬಿಡಿಸಲು ಸೀಮೆಎಣ್ಣೆ ಕೇಳಿದ.

*

ಮೂರು ವರ್ಷದ ಹಿಂದೆ, ಇಂಥದೇ ಶುಕ್ರವಾರ. ನಮಾಜಿಗೆ ಮೊದಲು ಕೈಕಾಲು ತೊಳೆಯುವ ಕೊಳದ ಕಟ್ಟೆಯ ಮೇಲೆ ಜನ ಸಾಲಾಗಿ ಕೂತಿದ್ದರು. ಮೆಣಸಿನ ವ್ಯಾಪಾರಿಯೂ ಮಸೀದಿಯ ಮುಖ್ಯಸ್ಥನೂ ಆಗಿದ್ದ ಹಸನ್‌ಗೆ ತಮ್ಮನ ಪೇಂಟು ಮೆತ್ತಿದ ಕೈ ಕಂಡು ಮಾನ ಹೋದಂತಾಯಿತು.

"ಈ ಉಗುರಿಗೆ ನೀರು ಎಲ್ಲಿಂದ ಇಳೀಬೇಕು ಮಾರಾಯ? ಇದು ಮಸೀದಿ, ನಿನ್ನ ಬಚ್ಚಲಲ್ಲ. ಶುದ್ಧ ಆದ ದಿನ ಬಾ," ಎಂದ.

ಸಾಲಿನಲ್ಲಿ ನಾಲ್ಕು ಜನ ನಕ್ಕರು. ಜಿಯಾಉದ್ದೀನ್ ಎದ್ದು ಹೋದ, ಮತ್ತೆ ಮಸೀದಿಗೆ ಕಾಲಿಡಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೆ? ಅವನಾಗಿಯೇ ಬರಲಿ ಎಂದು ಅಣ್ಣ ಬಿಗುಮಾನದಲ್ಲಿದ್ದ. ಪ್ರತಿ ಶುಕ್ರವಾರ ತಮ್ಮನ ಮನೆಯೆದುರು ಬಂದಾಗ ಮುಖ ಕಾಣದಂತೆ ಕೊಡೆಯನ್ನು ಒಂದಿಷ್ಟು ಆ ಕಡೆಗೆ ವಾಲಿಸಿಕೊಂಡು ದಾಟುತ್ತಿದ್ದ.

*

"ಸೀಮೆಎಣ್ಣೆ ಇಲ್ಲ ಭಾವ," ಎಂದಳು ಕುಲ್ಸುಮ್. "ಬೇಕಾಗೂ ಇಲ್ಲ. ನೀವೇ ನೋಡಿ."

ಹಸನ್ ತಮ್ಮನ ಮುಷ್ಟಿ ಬಿಡಿಸಿದ. ಹತ್ತೂ ಉಗುರು ಬಿಳುಪಾಗಿದ್ದವು. ಸುತ್ತಲಿನ ಚರ್ಮ ಉಜ್ಜಿ ಉಜ್ಜಿ ಒಡೆದಿತ್ತು.

"ದೀಪಕ್ಕಿಲ್ಲದಿದ್ರೂ ಉಗುರಿಗೆ ಅಂತ ಎತ್ತಿಡೋರು. ಶುಕ್ರವಾರ ಬಂತು ಅಂದ್ರೆ ಉಜ್ಜಿಕೊಂಡು, ಟೋಪಿ ಹಾಕ್ಕೊಂಡು, ಜಗಲಿ ಮೇಲೆ ಕೂರೋರು. ಅಣ್ಣ ಇದೇ ದಾರೀಲಿ ಹೋಗ್ತಾನೆ, ಒಂದ್ಸಲ ಬಾ ಅಂದ್ರೆ ಸಾಕು ಅಂತ. ಇವತ್ತೂ ಉಜ್ಜಿಯೇ ಕೂತಿದ್ರು, ಇದ್ದ ಎಣ್ಣೆ ಅದಕ್ಕೇ ಮುಗೀತು."

ಹಸನ್ ಚೆಂಬು ಎತ್ತಿಕೊಂಡ. ಆ ಬಿಳಿಯ ಬೆರಳುಗಳ ಮೇಲೆ ತನ್ನ ಕರಿ ಬೆರಳುಗಳಿಂದ ನೀರು ಹುಯ್ದ.

ಮಧ್ಯಾಹ್ನ ಮಸೀದಿಯಂಗಳದಲ್ಲಿ ಜನಾಜಾದ ಮಂಚ ಇಳಿಸಿ ಜನ ನಮಾಜಿಗೆ ಸಾಲುಗಟ್ಟಿ ನಿಂತರು. ಹಸನ್ ಮಾತ್ರ ಕೊಳದ ಕಟ್ಟೆಯ ಮೇಲೆ ಕೂತು ಉಗುರು ಉಜ್ಜುತ್ತಲೇ ಇದ್ದ. ಬಾಂಗ್ ಕೊಡುವ ಉಮರ್ ಫಾರೂಕ್ ಬಂದು ಭುಜ ಮುಟ್ಟಿದ.

"ಪರವಾಗಿಲ್ಲ ಸಾಹೇಬ್ರೆ. ಬನ್ನಿ."

ಹಸನ್ ಏಳಲಿಲ್ಲ. ಹತ್ತೂ ಬೆರಳನ್ನು ಅವನ ಮುಂದೆ ಚಾಚಿದ. ಉಗುರಿನ ಅಂಚಿನಲ್ಲಿ ಕರಿ ಹಾಗೇ ಇತ್ತು.